ಒಗ್ಗರಣೆಯ ಹೊಗೆಯೂ ಅಲಾರಮಿನ ಕೂಗೂ

ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರಲ್ಲಿ ಗೃಹಪ್ರವೇಶದ ಹೋಮಕ್ಕೆ ತುಪ್ಪದ ಆಹುತಿ ಬೀಳುತ್ತಿರುವಾಗಲೇ ಚಾವಣಿಗೆ ಅಂಟಿಕೊಂಡ ಹೊಗೆ ಅಲಾರಮಿನ ಬಿಳಿಯ ಬಿಲ್ಲೆಯೊಂದು ಕರ್ಕಶವಾಗಿ ಕೂಗತೊಡಗಿ, ಪುರೋಹಿತರ ಮಂತ್ರ ಅರ್ಧಕ್ಕೆ ನಿಂತು, ಕಾವಲುಗಾರನು ಏದುಸಿರು ಬಿಡುತ್ತ ಮೆಟ್ಟಿಲೇರಿ ಬರುವ ಪ್ರಸಂಗವು ಈಗ ಅಪರೂಪವಾಗಿ ಉಳಿದಿಲ್ಲ. ಅಮೆರಿಕದಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗಂತೂ, ಸಾಸಿವೆ ಸಿಡಿಸಿ ಒಣಮೆಣಸಿನಕಾಯಿ ಹುರಿದ ಒಂದು ಒಗ್ಗರಣೆಯೇ ಈ ಯಂತ್ರವನ್ನು ಎಬ್ಬಿಸಲು ಸಾಕೆಂಬುದು ಅನುಭವಸಿದ್ಧ. ಇದರಿಂದ ಬೇಸತ್ತವರು ಆ ಬಿಲ್ಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿರುವುದನ್ನೂ, ಅದರ ಬ್ಯಾಟರಿಯನ್ನು ಕಿತ್ತು ಮೇಜಿನ ಖಾನೆಯಲ್ಲಿ ಎಸೆದಿರುವುದನ್ನೂ ನಾನು ಕಂಡಿದ್ದೇನೆ. ಕಂಡಾಗಲೆಲ್ಲ ಮನಸ್ಸು ಕಳವಳಗೊಂಡಿದೆ. ಏಕೆಂದರೆ ಅಮೆರಿಕದಲ್ಲಿ ಮನೆಗಳ ಬೆಂಕಿಗೆ ಬಲಿಯಾಗುವ ಐವರಲ್ಲಿ ಸುಮಾರು ಮೂವರು, ಅಲಾರಮೇ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಗಳವರು. ಕೆಲಸ ಮಾಡದ ಯಂತ್ರಗಳ ಪೈಕಿ ಬಹುಪಾಲಿನ ದೋಷವೂ ತೆಗೆದ ಅಥವಾ ಸತ್ತ ಬ್ಯಾಟರಿಯೇ.

ಈ ಯಂತ್ರದ ಹುಟ್ಟಿನ ಕಥೆ ಹೀಗಿದೆ: 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಕಂಡುಹಿಡಿಯುವ ಸಾಧನವೊಂದನ್ನು ರಚಿಸಲು ಹೊರಟು, ಅದು ಸಿದ್ಧಿಸದೆ ನಿರಾಶರಾಗಿ ಸಿಗರೇಟು ಹೊತ್ತಿಸಿದಾಗ, ಅನಿಲಕ್ಕೆ ಅಲುಗದಿದ್ದ ಮಾಪಕದ ಮುಳ್ಳು ಆ ಹೊಗೆಗೆ ಅಲುಗಿತೆಂದು ಹೇಳುತ್ತಾರೆ. ಹಾಗೆ ಹುಟ್ಟಿದ ಯಂತ್ರಕ್ಕೆ ಹೊಗೆಯ ಕಣ ಗೊತ್ತೇ ಹೊರತು, ಅದು ಹೋಮದ್ದೋ ಬಾಣಲೆಯದ್ದೋ ಹೊತ್ತಿದ ಹಾಸಿಗೆಯದ್ದೋ ಎಂಬ ವಿವೇಚನೆಯಿಲ್ಲ. ಇಂಥ ಯಂತ್ರಗಳಲ್ಲಿ ಎರಡು ಬಗೆ. ಒಂದರಲ್ಲಿ ಅಮೆರಿಸಿಯಮ್-241 ಎಂಬ ವಿಕಿರಣಶೀಲ ಧಾತುವಿನ ಲೇಶವು ಗಾಳಿಯಲ್ಲಿ ವಿದ್ಯುತ್ತು ಹರಿಯುವಂತೆ ಮಾಡುತ್ತಿರುತ್ತದೆ. ಹೊಗೆಯ ಕಣಗಳು ಆ ಹರಿವನ್ನು ತಗ್ಗಿಸಿದೊಡನೆ ಕೂಗು. ಕಾದ ಎಣ್ಣೆಯಿಂದೇಳುವ ಅತಿಸೂಕ್ಷ್ಮ ಕಣಗಳಿಗೆ ಈ ಬಗೆಯೇ ಬೇಗನೆ ಕೆರಳುವುದು. ಬೆಳಕಿನ ಕಿರಣವು ಹೊಗೆಯಿಂದ ಚೆದರುವುದನ್ನು ಗ್ರಹಿಸುವ ಇನ್ನೊಂದು ಬಗೆ, ಒಗ್ಗರಣೆಯನ್ನು ತಕ್ಕಮಟ್ಟಿಗೆ ಸಹಿಸುತ್ತದೆ, ಒಳಗೊಳಗೇ ಕನಲುವ ಬೆಂಕಿಯನ್ನು ಬೇಗ ಗುರುತಿಸುತ್ತದೆ. ಅಡುಗೆಮನೆಯ ಸಮೀಪಕ್ಕೆ ಇದೇ ಯೋಗ್ಯ. ಎರಡನ್ನೂ ಒಲೆಯಿಂದ 10 ಅಡಿಯಾದರೂ ದೂರದಲ್ಲಿರಿಸುವುದು ಉಚಿತ. ಬಚ್ಚಲಿನ ಹಬೆ, ಧೂಳು, ಒಳನುಸುಳಿದ ಹುಳು, ಇವುಗಳಿಂದಲೂ ಸುಳ್ಳು ಕೂಗು ಏಳುವುದುಂಟು. ನಿಮಿಷಕ್ಕೊಮ್ಮೆ ಕೀಚೆನ್ನುವುದು ಮಾತ್ರ ಬೆಂಕಿಯ ಸೂಚನೆಯಲ್ಲ, ಬ್ಯಾಟರಿ ಕ್ಷೀಣಿಸಿದ ಸೂಚನೆ. ಹತ್ತು ವರ್ಷ ದಾಟಿದ ಯಂತ್ರವನ್ನು ಬದಲಿಸಲೇಬೇಕು.

ಇನ್ನು ಕೂಗು ಕೇಳಿದ ಕ್ಷಣದ ಮಾತು. ಹೊಗೆ ಬಾಣಲೆಯದೇ ಎಂದು ಕಣ್ಣಾರೆ ಕಂಡಿದ್ದರೆ ಒಲೆ ಆರಿಸಿ, ಕಿಟಕಿ ತೆರೆದು, ಯಂತ್ರದ ಬಳಿ ಬಟ್ಟೆ ಬೀಸಿರಿ. ತಾತ್ಕಾಲಿಕವಾಗಿ ಸುಮ್ಮನಾಗಿಸುವ ಗುಂಡಿಯಿದ್ದರೆ ಒತ್ತಿರಿ, ಕೆಲವೇ ನಿಮಿಷಗಳಲ್ಲಿ ಅದು ತಾನಾಗಿ ಮತ್ತೆ ಎಚ್ಚರಗೊಳ್ಳುತ್ತದೆ. ಕಾರಣ ಕಾಣದಿದ್ದರೆ, ಅದನ್ನು ನಿಜವೆಂದೇ ಭಾವಿಸಿ ಮನೆಯವರನ್ನು ಎಬ್ಬಿಸಬೇಕು. ಮುಚ್ಚಿದ ಬಾಗಿಲನ್ನು ತೆರೆಯುವ ಮುನ್ನ ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು, ಬಿಸಿಯಿದ್ದರೆ ತೆರೆಯಬಾರದು. ಹೊಗೆ ತುಂಬಿದ್ದರೆ ನೆಲಕ್ಕೆ ಬಾಗಿ ತೆವಳುತ್ತ, ಲಿಫ್ಟನ್ನು ತೊರೆದು ಮೆಟ್ಟಿಲಿಳಿದು ಹೊರಬಂದ ಮೇಲೆ, ನಮ್ಮಲ್ಲಿ 101ಕ್ಕೋ 112ಕ್ಕೋ, ಅಮೆರಿಕದಲ್ಲಾದರೆ 911ಕ್ಕೋ ಕರೆಮಾಡಿ ವಿಳಾಸ, ಹತ್ತಿರದ ಗುರುತು, ಮಹಡಿ, ಒಳಗೆ ಸಿಕ್ಕಿಕೊಂಡವರಿದ್ದಾರೆಯೇ ಎಂಬುದನ್ನು ತಿಳಿಸಬೇಕು. ಕರೆಮಾಡಿದ ಬಳಿಕ ಬೆಂಕಿಯಿಲ್ಲವೆಂದು ತಿಳಿದರೆ, ನಾಚಿಕೆಯಿಂದ ಮರೆಯಾಗದೆ ಒಡನೆಯೇ ಮತ್ತೆ ಹಾಗೆಂದು ತಿಳಿಸುವುದು ಸೌಜನ್ಯ. ಆ ಅಗ್ನಿಶಾಮಕ ವಾಹನಕ್ಕಾಗಿ ಇನ್ನೊಂದು ಬೀದಿಯಲ್ಲಿ ಯಾರೋ ಕಾಯುತ್ತಿರಬಹುದು.

ಬಹುಮಹಡಿ ವಸತಿಗಳಲ್ಲಿ ಕೆಳಮಹಡಿಯ ಅಲಾರಮ್ ಫಲಕದಲ್ಲಿ ಕೆಂಪುದೀಪ ಹೊತ್ತಿದಾಗ, ಸಂಬಂಧಿಸಿದ ಮಹಡಿಗೆ ಹೋಗಿ ನೋಡದೆಯೇ ಸದ್ದಡಗಿಸುವ ಅಭ್ಯಾಸವು ಎಲ್ಲಕ್ಕಿಂತ ಘಾತಕ. ಇಂಥ ಕಟ್ಟಡಗಳಲ್ಲಿ ಹೊಗೆ ಎಷ್ಟು ಘೋರವೆಂಬುದಕ್ಕೆ ನಿದರ್ಶನವಿದೆ: 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹೊತ್ತಿ ಒಂಬತ್ತು ಜೀವಗಳು ಹೋದವು. ಜ್ವಾಲೆಗಿಂತಲೂ ಮೇಲ್ಮಹಡಿಗಳಿಗೆ ಏರಿದ ಹೊಗೆಯೇ ಜನರನ್ನು ಉಸಿರುಕಟ್ಟಿಸಿತು, ಕಿಟಕಿಗಳಿಂದ ಜಿಗಿಯುವಂತೆ ಮಾಡಿತು. ಮಲಗಿದ್ದವರ ಮೂಗು ಹೊಗೆಯ ವಾಸನೆಯಿಂದ ಎಚ್ಚರಗೊಳ್ಳುವುದೆಂದು ನಂಬುವಂತಿಲ್ಲ. ಆದಕಾರಣ, ಇದನ್ನೋದುವ ಮಹನೀಯರೇ, ನಿಮ್ಮ ಮನೆಯ ಆ ಬಿಲ್ಲೆಗೆ ಚೀಲ ಕಟ್ಟಿದ್ದರೆ ಈ ಸಂಜೆಯೇ ಬಿಚ್ಚಿರಿ. ಪರೀಕ್ಷೆಯ ಗುಂಡಿಯನ್ನೊತ್ತಿ, ಅದು ಕೂಗುವುದನ್ನು ಕಿವಿಯಾರೆ ಕೇಳಿರಿ.