ಗ್ರಂಥಕರ್ತನ ಹಿತ್ತಿಲಿನಲ್ಲಿ ಚೆಂಡಾಟ

ಕಳೆದ ತಿಂಗಳು ನಮ್ಮ ಆರ್‌ಪಿಸಿ ಬಡಾವಣೆಯ ನಾಲ್ಕಾರು ಹುಡುಗರು ನನ್ನ ಬಾಗಿಲಿಗೆ ಬಂದರು. "ಮೇಷ್ಟ್ರೇ, ನಿಮ್ಮ ಪಕ್ಕದ ಖಾಲಿ ನಿವೇಶನವನ್ನು ಒಂದು ಭಾನುವಾರ ಕ್ರಿಕೆಟ್ಟಿಗೆ ಕೊಡಿ. ನೋಡಲು ಬಂದವರಿಂದ ಹಣ ಕೂಡಿಸಿ ಸಹಪಾಠಿಯೊಬ್ಬನ ಶುಲ್ಕ ಕಟ್ಟುತ್ತೇವೆ" ಎಂದು ಬೇಡಿದರು. ನೆರೆಯವರು ಕಿಟಕಿಯ ಗಾಜಿನ ಮಾತನ್ನೆತ್ತಿ ಕೂಡದೆಂದರು. ಹಿಂದೊಮ್ಮೆ ನನ್ನ ಗಾಜೂ ಒಡೆದುದುಂಟು. ಆದುದರಿಂದ ನಾನೂ ಒಂದು ವಾರ ಉತ್ತರ ಕೊಡದೆ ತಡೆದೆನು. ಆಗ ನೆನಪಾದುದು ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಹಿತ್ತಿಲು.

ಕೆಂಟ್ ಪ್ರಾಂತದ ರಾಚೆಸ್ಟರ್ ಪಟ್ಟಣದ ಸಮೀಪದಲ್ಲಿ ಗ್ಯಾಡ್ಸ್ ಹಿಲ್ ಎಂಬ ದಿಬ್ಬವಿದೆ. ಬಾಲಕ ಡಿಕನ್ಸನು ತಂದೆಯೊಡನೆ ನಡೆದುಹೋಗುವಾಗ ಅಲ್ಲಿಯ ಮನೆಯೊಂದನ್ನು ಕಣ್ತುಂಬ ನೋಡುತ್ತಿದ್ದನಂತೆ. ಶ್ರಮಪಟ್ಟು ದುಡಿದರೆ ನೀನೂ ಒಂದು ದಿನ ಇಲ್ಲಿ ವಾಸಿಸಬಹುದೆಂದು ತಂದೆ ಹೇಳುತ್ತಿದ್ದನು. ಆ ತಂದೆಯೇ 1824ರಲ್ಲಿ ಸಾಲಕ್ಕಾಗಿ ಸೆರೆಮನೆ ಸೇರಿದನು. ಹನ್ನೆರಡು ವರ್ಷದ ಮಗನು ಬೂಟಿನ ಮಸಿಯ ಕಾರ್ಖಾನೆಯಲ್ಲಿ ಕೂಲಿಮಾಡಿದನು. 1856ರಲ್ಲಿ ಅದೇ ಮನೆಯನ್ನು ಅವನೇ ಕೊಂಡನು.

ಮನೆಯ ಹಿಂದಿನ ಬಯಲನ್ನು ಡಿಕನ್ಸನು ಗ್ರಾಮಸ್ಥರ ಕ್ರಿಕೆಟ್ಟಿಗೆ ಬಿಟ್ಟುಕೊಟ್ಟನು. ಪಂದ್ಯ ನಡೆಯುವಾಗ ತಾನು ಆಡದೆ, ಒಂದು ಪಕ್ಷದ ಓಟಗಳ ಲೆಕ್ಕವನ್ನು ಸ್ವತಃ ಬರೆಯುತ್ತಿದ್ದನೆಂದು ಅವನ ಮಗಳು ಸ್ಮರಿಸಿದ್ದಾಳೆ. ಜಗತ್ಪ್ರಸಿದ್ಧ ಲೇಖನಿಗೆ ಎಂತಹ ಉದ್ಯೋಗ!

1866ರ ಕ್ರಿಸ್ಮಸ್ಸಿನ ಮರುದಿನ ಅದೇ ಬಯಲಿನಲ್ಲಿ ಓಟದ ಪಂದ್ಯಗಳನ್ನೇರ್ಪಡಿಸಿ, ಬಹುಮಾನದ ಹಣವನ್ನು ತಾನೇ ಕೊಟ್ಟನು. ಎರಡು ಮೂರು ಸಾವಿರ ಜನ ನೆರೆದರು. ಸಿಪಾಯಿಗಳು, ನಾವಿಕರು, ಮಣ್ಣುಕೆಲಸದ ಕೂಲಿಗಳು. ಎದುರಿನ ಹೋಟೆಲಿನವನಿಗೆ ಮದ್ಯದ ಅಂಗಡಿ ಹಾಕಲು ಸಹ ಅನುಮತಿಯಿತ್ತನು! (ಈ ಭಾಗವನ್ನು ನಾನು ಅನುಸರಿಸಲಾರೆ.) ಆದರೂ ಸಂಜೆಯವರೆಗೆ ಒಂದು ಗೂಟವಾಗಲಿ ಹಗ್ಗವಾಗಲಿ ಕದಲಲಿಲ್ಲ; ಕಲಹವಿಲ್ಲ, ಕುಡಿದು ಬಿದ್ದವರಿಲ್ಲ. ಅಡ್ಡಗಟ್ಟೆಗಳನ್ನು ಹಾರುವ ಓಟದಲ್ಲಿ ಒಬ್ಬನು ಬಾಯಲ್ಲಿ ಚುಂಗಾಣಿ ಸೇದುತ್ತಲೇ ಓಡಿ ಎರಡನೆಯವನಾದನು. ಅದಿಲ್ಲದಿದ್ದರೆ ಮೊದಲಿಗನಾಗುತ್ತಿದ್ದೆಯಲ್ಲಾ ಎಂದುದಕ್ಕೆ, ಅದಿಲ್ಲದಿದ್ದರೆ ನಾನು ಎಲ್ಲಿಯೂ ಇರುತ್ತಿರಲಿಲ್ಲ ಸ್ವಾಮಿ ಎಂದನಂತೆ.

ಧರ್ಮಾರ್ಥ ಹಣ ಕೂಡಿಸುವುದರಲ್ಲಿಯೂ ಡಿಕನ್ಸನು ನಿಪುಣನೇ. ಲಂಡನ್ನಿನ ಮಕ್ಕಳ ಆಸ್ಪತ್ರೆಯು 1852ರಲ್ಲಿ ಹತ್ತೇ ಹಾಸಿಗೆಗಳಿಂದ ಆರಂಭವಾಗಿತ್ತು; 1858ರಲ್ಲಿ ಅದಕ್ಕಾಗಿ ಔತಣಕೂಟದಲ್ಲಿ ಅವನು ಮಾಡಿದ ಭಾಷಣದಿಂದ ಒಂದೇ ರಾತ್ರಿ ಮೂರು ಸಾವಿರ ಪೌಂಡುಗಳ ಮೇಲೆ ಸೇರಿತು. ಬಳಿಕ ತನ್ನ ಕಥೆಯನ್ನು ಓದಿ ಮತ್ತಷ್ಟು ಕೂಡಿಸಿಕೊಟ್ಟನು.

ಚೆಂಡಾಟವನ್ನು ಪರದೇಶದ ಹಾವಳಿಯೆನ್ನುವ ಹಿರಿಯರು ನಮ್ಮ ಬೀದಿಯಲ್ಲಿದ್ದಾರೆ. ದಂಡಿಯ ದಶಕುಮಾರಚರಿತದಲ್ಲಿ ರಾಜಪುತ್ರಿ ಕಂದುಕಾವತಿಯು ಜನರೆದುರಿನಲ್ಲಿಯೇ ಚೆಂಡಾಡಿ ದೇವಿಯನ್ನು ಸೇವಿಸುವಳೆಂಬುದನ್ನು ಅವರಿಗೆ ತಿಳಿಸಿದೆನು. ಅವರು ಒಪ್ಪಿದಂತೆ ಕಾಣಲಿಲ್ಲ.

ಡಿಕನ್ಸನು 1870ರ ಜೂನ್ 9ರಂದು ಆ ಮನೆಯಲ್ಲಿಯೇ ತೀರಿಕೊಂಡನು. 1924ರಲ್ಲಿ ಅದು ಪಾಠಶಾಲೆಯಾಯಿತು.

ಹುಡುಗರ ಪಂದ್ಯ ಬರುವ ಭಾನುವಾರ. ಲೆಕ್ಕ ಬರೆಯಲು ನಾನು ಕುಳಿತುಕೊಳ್ಳುತ್ತೇನೆ. ಗಾಜು ಒಡೆದರೆ ಬೆಲೆ ನನ್ನದೆಂದು ನೆರೆಯವರಿಗೆ ಹೇಳಿಕಳುಹಿಸಿದ್ದೇನೆ.