ಪೆಟ್ಟಿಗೆಗೆ ಎಷ್ಟು ಮುಖ? ಮಕ್ಕಳ ಕೈಗೆ ಕೊಟ್ಟು ಕೇಳಿ

ಎಗ್ಮೋರ್, ಚೆನ್ನೈ: ಪರೀಕ್ಷೆ ಮುಗಿದು ಉತ್ತರ ಪತ್ರಿಕೆ ಮನೆಗೆ ಬಂದಾಗ ತಂದೆತಾಯಿಯರು ಮೊದಲು ನೋಡುವುದು ಗಣಿತದ ಅಂಕವನ್ನೇ. ಹತ್ತಕ್ಕೆ ಹತ್ತು ಬಂದಿದ್ದರೆ ಸಂತೋಷ, ಆರು ಬಂದಿದ್ದರೆ ಟ್ಯೂಷನ್ ಚಿಂತೆ. ಆದರೆ ಪ್ರಾಥಮಿಕ ಶಾಲೆಯ ಒಂದು ಪಾಠದ ಮಟ್ಟಿಗೆ ಈ ಅಂಕವನ್ನು ಪೂರ್ತಿ ನಂಬುವ ಹಾಗಿಲ್ಲ. ಅದು ಘನಾಕೃತಿ ಮತ್ತು ಅಳತೆಯ ಪಾಠ. ಘನ, ಆಯತಘನ, ಸಿಲಿಂಡರ್, ಶಂಕು, ಗೋಳ ಇವೆಲ್ಲ ಉದ್ದ, ಅಗಲ, ಎತ್ತರ ಮೂರೂ ಇರುವ ವಸ್ತುಗಳು. ಇವನ್ನು ಉದ್ದ, ಅಗಲ ಮಾತ್ರ ಇರುವ ಕಾಗದದ ಮೇಲೆ ಕಲಿಸಿ ಕಾಗದದ ಮೇಲೆಯೇ ಪರೀಕ್ಷಿಸಿದರೆ, ಮಗು ನಿಜವಾಗಿ ಏನು ಕಲಿತಿತು ಎಂಬುದು ಮನೆಯವರಿಗೂ ತಿಳಿಯದು, ಶಾಲೆಗೂ ತಿಳಿಯದು.

ಚಿತ್ರದಲ್ಲಿ ಕಾಣುವುದು ಮೂರೇ

ನಮ್ಮ ವಠಾರದ ಮೂರನೇ ತರಗತಿಯ ಹುಡುಗಿಯೊಬ್ಬಳನ್ನು ‘ಆಯತಘನಕ್ಕೆ ಎಷ್ಟು ಮುಖ?’ ಎಂದು ಕೇಳಿದೆ. ‘ಆರು ಅಂಕಲ್’ ಎಂದು ಥಟ್ಟನೆ ಹೇಳಿದಳು. ಒಂದು ಬೆಂಕಿಪೊಟ್ಟಣ ಕೈಗೆ ಕೊಟ್ಟು ಎಣಿಸಲು ಹೇಳಿದಾಗ ಮೇಲಿನದು, ಮುಂದಿನದು, ಪಕ್ಕದ್ದು ಎಂದು ಮೂರು ಎಣಿಸಿ ನಿಲ್ಲಿಸಿದಳು. ಪೊಟ್ಟಣವನ್ನು ತಿರುಗಿಸಿ ನೋಡಬೇಕೆಂದು ಅವಳಿಗೆ ಹೊಳೆಯಲಿಲ್ಲ. ಇದು ದಡ್ಡತನವಲ್ಲ. ಪುಸ್ತಕದ ಚಿತ್ರದಲ್ಲಿ ಯಾವಾಗಲೂ ಕಾಣುವುದು ಮೂರೇ ಮುಖ. ಅವಳ ಬಾಯಿಗೆ ಆರು ಬಂದಿತ್ತು, ಕೈಗೆ ಇನ್ನೂ ಬಂದಿರಲಿಲ್ಲ.

ಅದೇ ಪೊಟ್ಟಣದ ಪ್ರತಿ ಮುಖಕ್ಕೂ ಬೇರೆ ಬೇರೆ ಬಣ್ಣ ಬಳಿಯಲು ಹೇಳಿದೆವು. ಆರು ಬಣ್ಣ ಬೇಕಾಯಿತು. ಅಂಚುಗಳ ಮೇಲೆ ಬೆರಳಾಡಿಸಿ ಹನ್ನೆರಡು ಎಣಿಸಿದಳು. ಮೂಲೆಗಳು ಎಂಟು. ಹತ್ತು ನಿಮಿಷದ ಕೆಲಸ ಅಷ್ಟೇ.

ಎನ್‌ಸಿಇಆರ್‌ಟಿ 2008ರಲ್ಲಿ ಹೊರತಂದ ಐದನೇ ತರಗತಿಯ ಗಣಿತ ಪುಸ್ತಕದಲ್ಲಿ ಪೆಟ್ಟಿಗೆಗಳಿಗೇ ಒಂದು ಅಧ್ಯಾಯವಿತ್ತು. ಕಾಗದವನ್ನು ಯಾವ ಆಕಾರದಲ್ಲಿ ಕತ್ತರಿಸಿ ಮಡಿಸಿದರೆ ಪೆಟ್ಟಿಗೆಯಾಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಬೇಕಿತ್ತು. ಆರು ಚೌಕಗಳನ್ನು ಜೋಡಿಸಿ ಘನವಾಗಿ ಮಡಿಸಬಲ್ಲ ನಕ್ಷೆಗಳು ಒಟ್ಟು 11. ಮಿಠಾಯಿ ಅಂಗಡಿಯ ಖಾಲಿ ಡಬ್ಬಿಯನ್ನು ಅಂಚಿನಲ್ಲಿ ಬಿಡಿಸಿ ನೆಲದ ಮೇಲೆ ಹರಡಿದರೆ ಈ ಪಾಠದ ಅರ್ಧ ಭಾಗ ಮನೆಯಲ್ಲೇ ಮುಗಿಯುತ್ತದೆ.

ಕ್ಯಾಷ್ ಕೌಂಟರಿನ ಗಣಿತ

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಈ ಆಕಾರಗಳು ದಿನವೂ ಕೈಗೆ ಸಿಗುತ್ತವೆ. ಒಂದು ನೋಟು ನೋಡಲು ಬರೀ ಆಯತ, ನೂರು ನೋಟುಗಳ ಕಟ್ಟು ಆಯತಘನ. ಒಂದು ನಾಣ್ಯ ಬರೀ ವೃತ್ತದಂತೆ ಕಾಣುತ್ತದೆ, ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದರೆ ಸಿಲಿಂಡರ್. ತೆಳ್ಳಗಿನ ವಸ್ತುವಿಗೂ ದಪ್ಪವಿದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಒಂದು ನೋಟಿನ ದಪ್ಪವನ್ನು ಶಾಲೆಯ ಸ್ಕೇಲಿನಿಂದ ಅಳೆಯಲಾಗದು. ಹೊಸ ನೋಟುಗಳ ನೂರರ ಕಟ್ಟು ಸುಮಾರು ಒಂದು ಸೆಂಟಿಮೀಟರ್ ದಪ್ಪ ಬರುತ್ತದೆ. ನೂರರಿಂದ ಭಾಗಿಸಿದರೆ ಒಂದು ನೋಟು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಮನೆಯಲ್ಲಿ ನೋಟಿನ ಬದಲು ನೋಟ್‌ಬುಕ್ಕಿನ ನೂರು ಹಾಳೆ ಸಾಕು. ಭಾಗಾಕಾರ ಯಾತಕ್ಕೆ ಬೇಕು ಎಂಬ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.

ಮುರಿದ ಸ್ಕೇಲ್, ಲೋಟದ ಕಾಫಿ

ಅಳತೆಯಲ್ಲಿ ಮಕ್ಕಳು ಎಡವುವುದು ಸಂಖ್ಯೆಯಲ್ಲಿ ಅಲ್ಲ, ಎಲ್ಲಿಂದ ಅಳೆಯಬೇಕು ಎಂಬುದರಲ್ಲಿ. ಪೆನ್ಸಿಲನ್ನು ಸ್ಕೇಲಿನ 2ರ ಗೆರೆಯಿಂದ 9ರ ಗೆರೆಯವರೆಗೆ ಇಟ್ಟು ಉದ್ದ ಕೇಳಿ. ಅನೇಕ ಮಕ್ಕಳು 9 ಎನ್ನುತ್ತಾರೆ. ಸ್ಕೇಲಿನ ಮೇಲಿನ ಅಂಕಿಯನ್ನು ಓದುವುದೇ ಅಳತೆ ಎಂದು ಅವರು ತಿಳಿದಿದ್ದಾರೆ, ನಡುವಿನ ಏಳು ಮನೆಗಳನ್ನು ಎಣಿಸಬೇಕೆಂದು ತಿಳಿದಿಲ್ಲ. ತುದಿ ಮುರಿದ ಸ್ಕೇಲನ್ನು ಎಸೆಯದೆ ಇಟ್ಟುಕೊಂಡರೆ ಅದೇ ಒಳ್ಳೆಯ ಪರೀಕ್ಷೆ.

ಇನ್ನೊಂದು, ಲೋಟದಲ್ಲಿರುವ ಕಾಫಿಯನ್ನು ಡಬರಕ್ಕೆ ಸುರಿದು ‘ಈಗ ಹೆಚ್ಚಾಯಿತೋ, ಕಡಿಮೆಯಾಯಿತೋ?’ ಎಂದು ಕೇಳುವುದು. ಚಿಕ್ಕ ಮಕ್ಕಳು ಸಾಮಾನ್ಯವಾಗಿ ಎತ್ತರ ನೋಡಿ ಲೋಟದ್ದೇ ಹೆಚ್ಚು ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳಲ್ಲಿ ಗುರುತಿಸಿ ಪ್ರಸಿದ್ಧಗೊಳಿಸಿದ ಸಂಗತಿ ಇದೇ. ಸುರಿಯುವುದು, ವಾಪಸು ಸುರಿಯುವುದು ಹತ್ತಾರು ಸಲ ಆದಮೇಲೆಯೇ ಲೀಟರ್ ಎಂಬ ಮಾತಿಗೆ ಅರ್ಥ ಬರುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಳಗಡೆ 10 ಸೆಂಟಿಮೀಟರ್ ಇರುವ ಡಬ್ಬಿಯೊಂದು ಸಿಕ್ಕರೆ, ಅರ್ಧ ಲೀಟರಿನ ಎರಡು ಹಾಲಿನ ಪ್ಯಾಕೆಟ್ ಅದರಲ್ಲಿ ಸರಿಯಾಗಿ ಹಿಡಿಸುತ್ತದೆ. ಘನ ಮತ್ತು ಲೀಟರ್ ಬೇರೆ ಬೇರೆ ಪಾಠವಲ್ಲ ಎಂದು ಮಗು ತಾನೇ ಹೇಳುತ್ತದೆ.

ಮನೆಯ ಹಿರಿಯರಿಗೂ ಇಲ್ಲಿ ಕೆಲಸವಿದೆ. ತೂಕ ಮತ್ತು ಅಳತೆಯ ಕಾನೂನು 1956ರಲ್ಲಿ ಆಗಿ, ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಜಾರಿಗೆ ಬಂತು. ಆದರೂ ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಪಾವು, ಸೇರು ಉಳಿದವು. ಇಲ್ಲಿನ ತಮಿಳು ಮನೆಗಳಲ್ಲಿ ಉಳಕ್ಕು, ಪಡಿ. ನಾಲ್ಕು ಪಾವಿಗೆ ಒಂದು ಸೇರು ಎನ್ನುವ ಲೆಕ್ಕವನ್ನು ಅಕ್ಕಿಯಲ್ಲಿ ಅಳೆದು ತೋರಿಸಬಲ್ಲವರು ಮನೆಯಲ್ಲಿದ್ದರೆ ಅವರೇ ಮೇಷ್ಟ್ರು. ಗೇಣು, ಮೊಳ, ಮಾರುಗಳಿಂದ ಬಾಗಿಲನ್ನು ಅಳೆಸಿ. ತಾತನ ಮೊಳಕ್ಕೂ ಮೊಮ್ಮಗಳ ಮೊಳಕ್ಕೂ ಲೆಕ್ಕ ತಾಳೆಯಾಗದಾಗ ಮೀಟರ್ ಏಕೆ ಬಂತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡು ಊರು, ಒಂದೇ ಬೇರು

ಕೈಯಿಂದ ಕಲಿಯುವುದು ಹೊಸ ಮಾತೇನಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ‘ನಲಿ-ಕಲಿ’ ಆರಂಭವಾಯಿತು. ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ 2003ರಲ್ಲಿ ಚಟುವಟಿಕೆ ಆಧಾರಿತ ಕಲಿಕೆ ಬಂತು, ಮುಂದೆ ತಮಿಳುನಾಡಿನ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಹರಡಿತು. ಇವೆರಡಕ್ಕೂ ಪ್ರೇರಣೆ ಆಂಧ್ರದ ಋಷಿವ್ಯಾಲಿ ಶಾಲೆಯ ಗ್ರಾಮೀಣ ಪ್ರಯೋಗ. ತಮಿಳುನಾಡಿನಲ್ಲಿ 2022ರಲ್ಲಿ ಆರಂಭವಾದ ‘ಎಣ್ಣುಂ ಎಳುತ್ತುಂ’ ಯೋಜನೆಯಲ್ಲಿ ಮಕ್ಕಳ ಮಟ್ಟವನ್ನು ಅರುಂಬು, ಮೊಟ್ಟು, ಮಲರ್ ಎಂದು ಹೆಸರಿಸಿದರು. ಫೇಲಾದೆ ಎನ್ನುವುದಕ್ಕಿಂತ ‘ಇನ್ನೂ ಮೊಗ್ಗು’ ಎನ್ನುವುದು ಮಗುವಿಗೆ ಎಷ್ಟೋ ಹಿತ.

ಮನೆಮಾತಿನ ಬೆಲೆ

ನಮ್ಮ ಮಕ್ಕಳು ಶಾಲೆಯಲ್ಲಿ ಕ್ಯೂಬಾಯ್ಡ್ ಎನ್ನುತ್ತಾರೆ, ತಮಿಳು ಪುಸ್ತಕದಲ್ಲಿ ಅದೇ ಕನಚ್ಚೆವ್ವಗಂ, ಕನ್ನಡದಲ್ಲಿ ಆಯತಘನ. ಮೂರು ಹೆಸರಿನ ನಡುವೆ ವಸ್ತುವೇ ಕಳೆದುಹೋಗಬಾರದು. ಸಿಲಿಂಡರಿಗೆ ತಮಿಳಿನಲ್ಲಿ ಉರುಳೈ. ಉರುಳುತ್ತದೆ, ಅದಕ್ಕೇ ಉರುಳೈ. ಈ ಸಂಬಂಧವನ್ನು ಕನ್ನಡದ ಮಗು ಕ್ಷಣದಲ್ಲಿ ಹಿಡಿಯುತ್ತದೆ. ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಬರೆದರೂ ಉದ್ದ, ದಪ್ಪ, ಅಂಚು, ಮೂಲೆ, ಉಬ್ಬು, ಚಪ್ಪಟೆ ಎಂಬ ಮಾತುಗಳನ್ನು ಮನೆಯಲ್ಲಿ ಧಾರಾಳವಾಗಿ ಬಳಸಿದ ಮಗುವಿಗೆ ಶಾಲೆಯ ಪದಗಳು ಭಾರವಾಗುವುದಿಲ್ಲ.

ಅಂಕವಲ್ಲ, ಮೂರು ಸಾಲು ಬರೆಯಿರಿ

ಪರೀಕ್ಷಿಸುವುದು ಹೇಗೆ? ಬಟ್ಟೆಯ ಚೀಲದಲ್ಲಿ ಚೆಂಡು, ದಾಳ, ಮೇಣದ ಬತ್ತಿ, ಸೋಪಿನ ಡಬ್ಬಿ, ಮೆರಿನಾದ ಸುಂಡಲ್ ಪೊಟ್ಟಣದಂತೆ ಸುತ್ತಿದ ಕಾಗದ ಹಾಕಿ. ನೋಡದೆ ಕೈಹಾಕಿ ಒಂದನ್ನು ಹಿಡಿದು, ಹೆಸರು ಹೇಳದೆ ವರ್ಣಿಸಲಿ. ಬೇರೆಯವರು ಗುರುತಿಸಲಿ. ಯಾವುದು ಉರುಳುತ್ತದೆ, ಯಾವುದನ್ನು ಪೇರಿಸಬಹುದು, ಯಾವುದು ಎರಡಕ್ಕೂ ಸರಿ ಎಂದು ವಿಂಗಡಿಸಲಿ. ‘ಸಿಲಿಂಡರಿಗೆ ಎಷ್ಟು ಮುಖ?’ ಎಂದು ಕೇಳುವ ಬದಲು ಚಪ್ಪಟೆ ಮುಖ ಎಷ್ಟು, ಬಾಗಿದ ಮೈ ಎಷ್ಟು ಎಂದು ಬಿಡಿಸಿ ಕೇಳಿ. ಅಳೆಯುವ ಮೊದಲು ಅಂದಾಜು ಹೇಳಿಸಿ, ಎರಡನ್ನೂ ಬರೆಸಿ. ಕೊನೆಗೆ ‘ಹೇಗೆ ಗೊತ್ತಾಯಿತು?’ ಎಂಬ ಒಂದು ಪ್ರಶ್ನೆ ತಪ್ಪದಿರಲಿ. ನೋಟ್‌ಬುಕ್ಕಿನಲ್ಲಿ ಮೂರೇ ಸಾಲು: ಏನನ್ನು ತಾನಾಗಿ ಮಾಡಿತು, ಏನನ್ನು ವಸ್ತು ಹಿಡಿದು ಮಾಡಿತು, ಯಾವುದಕ್ಕೆ ಸಹಾಯ ಬೇಕಾಯಿತು. ತಿಂಗಳು ಬಿಟ್ಟು ನೋಡಿದರೆ ಪ್ರಗತಿ ಕಣ್ಣಿಗೆ ಕಾಣುತ್ತದೆ.

ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಅಕ್ಷರ ಕಲಿಸಲು ಭಾನುವಾರ ಮಕ್ಕಳನ್ನು ಸೇರಿಸುವಲ್ಲಿ ಇಂಥ ಚೀಲವೊಂದನ್ನೂ ಇಡಿ. ಖರ್ಚು ಏನೂ ಇಲ್ಲ, ಸದಸ್ಯರ ಮನೆಯ ಖಾಲಿ ಡಬ್ಬಿಗಳೇ ಸಾಕು. ವರ್ಷಕ್ಕೊಮ್ಮೆ ಮಕ್ಕಳನ್ನು ಎಗ್ಮೋರಿಗೆ ಕರೆತನ್ನಿ. 1908ರಲ್ಲಿ ಆರಂಭವಾದ ಇಲ್ಲಿನ ರೈಲು ನಿಲ್ದಾಣದ ಗುಮ್ಮಟ ಪೂರ್ತಿ ಗೋಳವೋ, ಗೋಳದ ಒಂದು ಭಾಗವೋ ಎಂದು ಕೇಳಿ. 1851ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹೆಜ್ಜೆಯಿಂದ ದೂರ ಅಳೆಸಿ. ಕನ್ನಡದಲ್ಲಿ ಗಣಿತ ಮಾತನಾಡಿದ ಮಗು ಕನ್ನಡವನ್ನೂ ಬಿಡುವುದಿಲ್ಲ, ಗಣಿತಕ್ಕೂ ಹೆದರುವುದಿಲ್ಲ.