ಸಾವಿರ ಮೆಟ್ಟಿಲುಗಳ ಆಚೆಗೆ ದೇವಿಕೆರೆ

ಮೈಸೂರು: ಬೇಸಿಗೆ ರಜೆ ಬಂತೆಂದರೆ ಚಾಮುಂಡಿಬೆಟ್ಟದ ಪಾದದಲ್ಲಿ ನಸುಕಿನಿಂದಲೇ ಜನ ಸೇರುತ್ತಾರೆ. ಮೆಟ್ಟಿಲು ಹತ್ತಿ, ದೇವಿಯ ದರ್ಶನ ಪಡೆದು, ಚುರುಮುರಿ ತಿಂದು ಮರಳುತ್ತಾರೆ. ಬೆಟ್ಟದ ಮೇಲೆಯೇ ಒಂದು ಕೆರೆಯಿದೆ ಎಂಬುದು ಇವರಲ್ಲಿ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಅದೇ ದೇವಿಕೆರೆ. ಅರ್ಧ ದಿನದಲ್ಲಿ ಕಾಲ್ನಡಿಗೆಯಲ್ಲೇ ಹೋಗಿಬರಬಹುದಾದ ಬೆಟ್ಟದ ಕೆರೆ ಬಯಸುವ ನಗರವಾಸಿಗಳಿಗೆ ಇದು ಹೇಳಿ ಮಾಡಿಸಿದ ತಾಣ.

ಸಮುದ್ರಮಟ್ಟದಿಂದ 3,489 ಅಡಿ ಎತ್ತರದ ಈ ಬೆಟ್ಟ ನಗರಕ್ಕಿಂತ ಸುಮಾರು ಸಾವಿರ ಅಡಿ ಮೇಲಿದೆ. ಮೆಟ್ಟಿಲುಗಳನ್ನು ಕಟ್ಟಿಸಿದವರು 1659ರಲ್ಲಿ ಪಟ್ಟಕ್ಕೆ ಬಂದ ದೊಡ್ಡ ದೇವರಾಜ ಒಡೆಯರು. ಏಕಶಿಲೆಯ ನಂದಿಯೂ ಅವರ ಕಾಲದ್ದೇ. ನಂದಿಯವರೆಗಿನ ಏರು ಕಡಿದು. ಅಲ್ಲಿಂದ ಮುಂದೆ ದಾರಿ ಸೌಮ್ಯವಾಗುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿನ ಉಷ್ಣಾಂಶ 34-35 ಡಿಗ್ರಿ ತಲುಪುವುದು ಸಾಮಾನ್ಯ. ಹೊತ್ತೇರಿದಂತೆ ಕಲ್ಲು ಕಾಯುತ್ತದೆ, ಸುತ್ತಲಿನ ಕುರುಚಲು ಕಾಡು ಹೆಚ್ಚು ನೆರಳು ಕೊಡುವುದಿಲ್ಲ. ಆರು ಗಂಟೆಗೆ ಹೊರಟು ಹತ್ತರೊಳಗೆ ಇಳಿಯುವುದು ಕ್ಷೇಮ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಹಿತ ಮಳೆ ಬರುವುದರಿಂದ ಇಳಿಹೊತ್ತಿನ ಆರೋಹಣ ಬೇಡ.

ಬಂಡೆಯ ಮೇಲೆ ನೀರು

ಬಂಡೆಯ ಬೆಟ್ಟದ ನೆತ್ತಿಯಲ್ಲಿ ಕೆರೆ ಇರುವುದಾದರೂ ಹೇಗೆ? ಉತ್ತರ ಬಂಡೆಯಲ್ಲಿಯೇ ಇದೆ. ಚಾಮುಂಡಿಬೆಟ್ಟದ ಗ್ರಾನೈಟ್‌ಗೆ ಸುಮಾರು 80 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಸುತ್ತಲಿನ ಪುರಾತನ ಶಿಲೆಗಳ ಮುಂದೆ ಇದು ಎಳೆಯದೇ. ಬಿರುಕುಗಳನ್ನು ಬಿಟ್ಟರೆ ಈ ಶಿಲೆ ನೀರನ್ನು ಹೀರುವುದಿಲ್ಲ. ಮೇಲೆ ಸುರಿದ ಮಳೆ ತಗ್ಗು ಹುಡುಕಿ ಹರಿಯುತ್ತದೆ. ಅಂಥ ತಗ್ಗುಗಳಲ್ಲೊಂದು ದೇವಿಕೆರೆ. ಬೆಟ್ಟದ ಇಳಿಜಾರಿನ ನೀರು ತಪ್ಪಲಿನ ಕಾರಂಜಿ ಕೆರೆಗೂ ಆಸರೆ.

ಬೆಟ್ಟದ ಮೇಲೆ ದೇವಾಲಯ, ಅಗ್ರಹಾರ, ಊರು ನೆಲೆಗೊಳ್ಳಬೇಕಾದರೆ ಮೊದಲು ನೀರು ಬೇಕು. ಹೊಯ್ಸಳ ವಿಷ್ಣುವರ್ಧನನ ಕಾಲದ 1128ರ ಶಾಸನ ಈ ಸ್ಥಳವನ್ನು ‘ಮರ್ಬ್ಬಳ ತೀರ್ಥ’ ಎಂದು ಕರೆಯುತ್ತದೆ. ತೀರ್ಥವೆಂದರೆ ಪುಣ್ಯಕ್ಷೇತ್ರವೂ ಹೌದು, ನೀರೂ ಹೌದು. ಶಾಸನಕಾರನ ಮನಸ್ಸಿನಲ್ಲಿ ಯಾವುದಿತ್ತೋ! ದಸರೆಯ ನಂತರ ನಡೆಯುವ ರಥೋತ್ಸವದ ಬೆನ್ನಿಗೆ ದೇವಿಯ ತೆಪ್ಪೋತ್ಸವ ಜರುಗುವುದು ಇದೇ ಕೆರೆಯಲ್ಲಿ. ಆ ರಾತ್ರಿ ದೀಪಗಳ ನಡುವೆ ಕೆರೆಯನ್ನು ಕಂಡವರಿಗೆ ಬೇಸಿಗೆಯ ಬೆಳಗಿನ ಅದರ ಮೌನ ಅಪರಿಚಿತವೆನಿಸಬಹುದು.

ಹರಿವಿಗೆ ಅಡ್ಡಿ

ನೀರನ್ನು ಕೂಡಿಡುವ ಬಂಡೆಯೇ ಕೆರೆಯನ್ನು ಸೂಕ್ಷ್ಮವಾಗಿಸಿದೆ. ನೆಲ ಹೀರದ ಕಡೆ ಕೊಳಚೆಯೂ ಇಂಗುವುದಿಲ್ಲ. ಮೇಲಿನ ಮನೆ, ಅಂಗಡಿ, ವಾಹನ ನಿಲ್ದಾಣಗಳಿಂದ ಹೊರಬೀಳುವುದೆಲ್ಲ ಒಂದಲ್ಲ ಒಂದು ತಗ್ಗನ್ನು ಸೇರಲೇಬೇಕು. ಬಂಡೆಯ ಮೇಲಿನ ಮಣ್ಣಿನ ಪದರವೂ ತೆಳುವು. ಅದು ನೆನೆದು ಭಾರವಾದಾಗ ಜಾರುತ್ತದೆ. 2021ರ ಅಕ್ಟೋಬರ್‌ನಲ್ಲಿ ಭಾರಿ ಮಳೆಗೆ ನಂದಿ ರಸ್ತೆಯ ಅಂಚು ಕುಸಿದು ಸಂಚಾರ ಬಂದ್ ಆಯಿತು. ಮಳೆ ಮುಂದುವರಿದಂತೆ ಅದೇ ರಸ್ತೆಯಲ್ಲಿ ಮತ್ತೆ ಕುಸಿತ ಕಂಡುಬಂತು. 2022ರಲ್ಲಿ ರೋಪ್‌ವೇ ಪ್ರಸ್ತಾವಕ್ಕೆ ನಾಗರಿಕರು ತೀವ್ರ ವಿರೋಧ ವ್ಯಕ್ತಪಡಿಸಿದಾಗ ಈ ನೆನಪು ಇನ್ನೂ ಹಸಿಯಾಗಿತ್ತು. ಆ ವಿರೋಧ ನಿರಾಧಾರವೆನ್ನಲಾಗದು.

ಮೆಟ್ಟಿಲೇರಿ ಬರುವವರು ಬೆಟ್ಟಕ್ಕೆ ತರುವ ಹೊರೆ ಕಾರಿನಲ್ಲಿ ಬರುವವರಿಗಿಂತ ಕಡಿಮೆ. ಆದರೆ ಬಾಟಲಿ, ಪೊಟ್ಟಣಗಳು ಅವರ ಕೈಯಲ್ಲೂ ಇರುತ್ತವೆ. ಅವನ್ನು ಚೀಲದಲ್ಲಿಯೇ ಕೆಳಗೆ ತರಬೇಕು. ಬೆಂಕಿಯ ವಿಷಯದಲ್ಲಂತೂ ರಿಯಾಯಿತಿಯೇ ಇಲ್ಲ: 2025ರ ಫೆಬ್ರುವರಿಯಲ್ಲಿ ಬೆಟ್ಟದ ಒಣಗಿದ ಕಾಡಿಗೆ ಬೆಂಕಿ ಬಿದ್ದಿತ್ತು. ಚಿರತೆಗಳ ಓಡಾಟವೂ ಇರುವುದರಿಂದ ಮೆಟ್ಟಿಲು ಬಿಟ್ಟು ಪೊದೆಗಳತ್ತ ಹೋಗುವುದು ಸಲ್ಲದು. ಕೆರೆಯನ್ನು ದಂಡೆಯಲ್ಲಿ ನಿಂತು ನೋಡಿದರೆ ಸಾಕು, ನೀರಿಗೆ ಇಳಿಯಬಾರದು.

ಹತ್ತುವಾಗ ಏದುಸಿರು, ಇಳಿಯುವಾಗ ಮೊಣಕಾಲು. ಮೊಣಕಾಲು ಒಪ್ಪದವರು ಮೇಲಿನಿಂದ 201ನೇ ಸಂಖ್ಯೆಯ ನಗರ ಸಾರಿಗೆ ಬಸ್ ಹಿಡಿದು ಊರು ಸೇರಬಹುದು.